ನಾರ್ವೆಯ ಆಕಾಶದ ಬೆಳಕಿನ ಸುರುಳಿ

ನಾರ್ವೆ ದೇಶದ ಉತ್ತರ ಭಾಗದಲ್ಲಿ ಟ್ರಾಮ್ಸೊ ಎಂಬ ಪಟ್ಟಣವಿದೆ. ಅದರ ಉತ್ತರ ಅಕ್ಷಾಂಶ 69 ಡಿಗ್ರಿಗೂ ಹೆಚ್ಚು. ಅಷ್ಟು ಉತ್ತರಕ್ಕೆ ಸರಿದಿರುವ ಊರುಗಳಲ್ಲಿ ಡಿಸೆಂಬರ್ ತಿಂಗಳ ನಡುವೆ ಸೂರ್ಯೋದಯವೆಂಬುದೇ ಇಲ್ಲ. ಮಧ್ಯಾಹ್ನದ ವೇಳೆಗೆ ದಕ್ಷಿಣ ದಿಗಂತದಲ್ಲಿ ಒಂದಿಷ್ಟು ನಸುಬೆಳಕು ಮೂಡಿ ಮತ್ತೆ ಅಡಗುವುದು. ಬೆಳಗಿನ ಎಂಟು ಗಂಟೆಗೆ ದೊಡ್ಡವರು ಕೆಲಸಕ್ಕೂ ಮಕ್ಕಳು ಶಾಲೆಗೂ ಹೊರಡುವುದು ಕತ್ತಲೆಯಲ್ಲಿಯೇ. 2009ನೆಯ ಇಸವಿಯ ಡಿಸೆಂಬರ್ 9ರಂದು ಹೀಗೆ ಹೊರಟಿದ್ದವರು ಎಂಟು ಗಂಟೆಗೆ ಸ್ವಲ್ಪ ಮುಂಚೆ ಆಕಾಶವನ್ನು ನೋಡಿ ಬೆರಗಾಗಿ ನಿಂತರು.

ದಿಗಂತದ ಕಡೆಯಿಂದ ನೀಲಿ ಬಣ್ಣದ ಒಂದು ಬೆಳಕಿನ ಕಂಬ ಮೇಲಕ್ಕೆ ಎದ್ದಿತ್ತು. ಅದರ ತುದಿಯಲ್ಲಿ ಬಿಳಿಯ ಬೆಳಕು ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಸುರುಳಿಯ ಸುತ್ತುಗಳು ಕೈವಾರದಿಂದ ಬರೆದಷ್ಟು ಅಚ್ಚುಕಟ್ಟಾಗಿದ್ದುವು. ಅದು ನೋಡುನೋಡುತ್ತಿರುವಂತೆಯೇ ಹಿಗ್ಗಿ ಆಕಾಶದ ದೊಡ್ಡ ಭಾಗವನ್ನು ಆವರಿಸಿತು. ಕೊನೆಯಲ್ಲಿ ಅದರ ನಡುವೆ ಒಂದು ಕಪ್ಪು ವೃತ್ತ ಕಾಣಿಸಿಕೊಂಡು, ಎಲ್ಲ ಕಡೆಗೂ ಸಮವಾಗಿ ಬೆಳೆದು, ಸುರುಳಿಯನ್ನೇ ನುಂಗಿಬಿಟ್ಟಂತೆ ತೋರಿತು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದಿತ್ತು. ಉತ್ತರ ನಾರ್ವೆಯ ಉದ್ದಕ್ಕೂ, ನೆರೆಯ ಸ್ವೀಡನ್ನಿನಲ್ಲಿಯೂ ಜನ ಇದನ್ನು ಕಂಡರು. ಅನೇಕರು ಚಿತ್ರಗಳನ್ನು ತೆಗೆದರು.

ಊಹೆಗಳ ಸಂತೆ

ನಾರ್ವೆಯ ಹವಾಮಾನ ಸಂಸ್ಥೆಗೆ ದೂರವಾಣಿಯ ಕರೆಗಳ ಮಳೆಯೇ ಸುರಿಯಿತು. ಉಲ್ಕೆ ಎಂದರು ಕೆಲವರು. ಹೊಸ ಬಗೆಯ ಧ್ರುವಪ್ರಭೆ ಎಂದರು ಮತ್ತೆ ಕೆಲವರು. ಟ್ರಾಮ್ಸೊವಿನ ಬಳಿಯಲ್ಲಿ ಅಯಾನುಮಂಡಲವನ್ನು ಅಭ್ಯಸಿಸಲು ರೇಡಿಯೊ ಅಲೆಗಳನ್ನು ಮೇಲಕ್ಕೆ ಕಳುಹಿಸುವ ಒಂದು ಕೇಂದ್ರವಿತ್ತು. ಇದು ಅದರದೇ ಕೆಲಸವೆಂದು ಸಂಶಯಪಟ್ಟವರೂ ಉಂಟು. ಜಿನೀವಾದ ಬಳಿಯ ದೊಡ್ಡ ಕಣವೇಗವರ್ಧಕವು ಆಕಾಶಕ್ಕೆ ತೂತು ಕೊರೆಯಿತೆಂದು ಹೇಳಿದವರಿದ್ದರು. ಬೇರೆ ಲೋಕದ ಜೀವಿಗಳು ಬಂದುಹೋಗುವ ಬಾಗಿಲು ತೆರೆಯಿತೆಂದು ನಂಬಿದವರು ಕಪ್ಪು ವೃತ್ತವನ್ನೇ ಅದಕ್ಕೆ ಸಾಕ್ಷಿಯಾಗಿ ತೋರಿಸಿದರು. ಮರುದಿನವೇ ಓಸ್ಲೋ ನಗರದಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವನ್ನು ನೀಡುವುದಿತ್ತು. ಬೆಳಕಿಗೂ ಆ ಸಮಾರಂಭಕ್ಕೂ ಗಂಟು ಹಾಕಿದವರೂ ಕಡಮೆಯಿಲ್ಲ. ಹತೋಟಿ ತಪ್ಪಿದ ರಷ್ಯದ ಕ್ಷಿಪಣಿಯಿರಬಹುದು ಎಂಬುದು ಈ ಗದ್ದಲದ ನಡುವೆ ಕೇಳಿಬಂದ ಇನ್ನೊಂದು ಊಹೆ.

ಇಷ್ಟೊಂದು ಊಹೆಗಳಲ್ಲಿ ಸರಿಯಾದುದನ್ನು ಆರಿಸುವುದು ಹೇಗೆ? ಯಾವ ಊಹೆಗೆ ಹೆಚ್ಚು ಜನರಿದ್ದಾರೆಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಕಂಡ ಸಂಗತಿಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು, ಪ್ರತಿಯೊಂದು ಊಹೆಯೂ ಅವುಗಳಿಗೆ ಉತ್ತರ ಹೇಳಬಲ್ಲದೇ ಎಂದು ವಿಚಾರಿಸಬೇಕು. ಆ ವಿಚಾರಣೆಯನ್ನು ನಾವು ಈಗ ಹಂತಹಂತವಾಗಿ ನಡೆಸಿ ನೋಡೋಣ. ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯ ತ್ರಿಕೋನಮಿತಿಗಿಂತ ಹೆಚ್ಚಿನದಲ್ಲ.

ಕಣ್ಣು ಹೇಳುವುದೇನು, ಹೇಳದಿರುವುದೇನು?

ಕತ್ತಲೆಯ ಆಕಾಶದಲ್ಲಿ ಒಂದು ಬೆಳಕು ಕಂಡಾಗ ನಮ್ಮ ಕಣ್ಣು ನಮಗೆ ತಿಳಿಸುವುದು ಅದರ ದಿಕ್ಕನ್ನು ಮಾತ್ರ. ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಕಣ್ಣು ತಿಳಿಸಲಾರದು. ಹಗಲಿನಲ್ಲಿ ಮರವೊಂದರ ದೂರವನ್ನು ನಾವು ಅಂದಾಜು ಮಾಡುವುದು ಅದರ ಪರಿಚಿತವಾದ ಗಾತ್ರದಿಂದ, ನಡುವೆ ಇರುವ ಹೊಲ ಗದ್ದೆಗಳಿಂದ. ಆಕಾಶದಲ್ಲಿ ಇಂಥ ಗುರುತುಗಳು ಯಾವುವೂ ಇಲ್ಲ. ದೂರ ತಿಳಿಯದಿದ್ದರೆ ಗಾತ್ರವೂ ತಿಳಿಯದು; ಗಾತ್ರ ತಿಳಿಯದಿದ್ದರೆ ವೇಗವೂ ತಿಳಿಯದು. ಗುಡ್ಡದ ನೆತ್ತಿಯ ಮೇಲಿನ ಲಾಂದ್ರವೂ ಕೋಟ್ಯಂತರ ಕಿಲೋಮೀಟರು ದೂರದ ಶುಕ್ರಗ್ರಹವೂ ಕಣ್ಣಿಗೆ ಒಂದೇ ಬಗೆಯ ಚುಕ್ಕೆಗಳು. ಆದುದರಿಂದ ‘ಅದು ನಮ್ಮ ಊರಿನ ಬೆಟ್ಟದ ಮೇಲೆಯೇ ಇತ್ತು’ ಎಂದು ಪ್ರಾಮಾಣಿಕನಾದ ಸಾಕ್ಷಿ ಹೇಳಿದರೂ ಅದರಿಂದ ನಮಗೆ ಸಿಕ್ಕುವುದು ಬೆಟ್ಟದ ದಿಕ್ಕು ಮಾತ್ರ.

ದೂರವನ್ನು ಹೇಳುವುದು ಎರಡು ಬೇರೆ ಬೇರೆ ಸ್ಥಳಗಳ ನೋಟಗಳ ಹೋಲಿಕೆ. ಹೆಬ್ಬೆರಳನ್ನು ಮುಖದೆದುರು ಚಾಚಿ, ಒಮ್ಮೆ ಎಡಗಣ್ಣಿನಿಂದಲೂ ಒಮ್ಮೆ ಬಲಗಣ್ಣಿನಿಂದಲೂ ನೋಡಿರಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಸರಿದಂತೆ ತೋರುವುದು. ಬೆರಳು ಹತ್ತಿರವಿದ್ದಷ್ಟೂ ಸರಿತ ಹೆಚ್ಚು, ದೂರವಿದ್ದಷ್ಟೂ ಕಡಮೆ. ಇದಕ್ಕೆ ಸ್ಥಾನಪಲ್ಲಟ ಎಂದು ಹೆಸರು. ಈಗ ನಾರ್ವೆಯ ಬೆಳಕನ್ನು ತೆಗೆದುಕೊಳ್ಳೋಣ. ಅದು ವಿಮಾನಗಳು ಹಾರುವ 10 ಕಿಲೋಮೀಟರು ಎತ್ತರದಲ್ಲಿದ್ದಿದ್ದರೆ, ಭೂಮಿಯ ಗುಂಡುತನದ ದೆಸೆಯಿಂದ ಸುಮಾರು 350 ಕಿಲೋಮೀಟರಿನಾಚೆಗೆ ಅದು ದಿಗಂತದ ಕೆಳಗೆ ಮರೆಯಾಗುತ್ತಿತ್ತು. ಹತ್ತಿರದ ಊರುಗಳವರಿಗೆ ಅದು ನೆತ್ತಿಯ ಮೇಲೆ ಕಾಣಬೇಕಾಗಿತ್ತು; ಅದರ ಆಚೆ ಬದಿಯ ಊರುಗಳವರಿಗೆ ಎದುರು ದಿಕ್ಕಿನಲ್ಲಿ ಕಾಣಬೇಕಾಗಿತ್ತು. ಹಾಗೆ ಆಗಲಿಲ್ಲ. ನೂರಾರು ಕಿಲೋಮೀಟರು ಅಂತರದ ಊರುಗಳವರು ಅದೇ ಸುರುಳಿಯನ್ನು ಪೂರ್ವದ ಕಡೆಯಲ್ಲಿಯೇ ಕಂಡರು. ಬೆಳಕು ಬಹಳ ದೂರದಲ್ಲಿಯೂ ಬಹಳ ಎತ್ತರದಲ್ಲಿಯೂ ಇತ್ತೆಂಬುದು ಇದರಿಂದ ಸ್ಪಷ್ಟ.

ಗಡಿಯಾರದ ಸಾಕ್ಷ್ಯ

ಘಟನೆ ನಡೆದ ವೇಳೆಯೂ ಒಂದು ಬಲವಾದ ಸಾಕ್ಷಿ. ಬೆಳಗಿನ ಜಾವ ಊರೆಲ್ಲ ಕತ್ತಲಲ್ಲಿರುವಾಗಲೇ ಬೆಟ್ಟದ ನೆತ್ತಿಗೆ ಬಿಸಿಲು ತಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಎತ್ತರದಲ್ಲಿರುವ ವಸ್ತು ಭೂಮಿಯ ನೆರಳಿನಿಂದ ಮೊದಲು ಹೊರಬರುವುದೇ ಇದಕ್ಕೆ ಕಾರಣ. ಡಿಸೆಂಬರ್ 9ರ ಆ ಹೊತ್ತಿನಲ್ಲಿ ಟ್ರಾಮ್ಸೊವಿನಲ್ಲಿ ಸೂರ್ಯನು ದಿಗಂತದಿಂದ ಸುಮಾರು 11 ಡಿಗ್ರಿ ಕೆಳಗಿದ್ದನು. ಹಾಗಾದರೆ ಅಲ್ಲಿ ನೆತ್ತಿಯ ಮೇಲೆ ಎಷ್ಟು ಎತ್ತರದಲ್ಲಿ ಬಿಸಿಲಿತ್ತು?

ಭೂಮಿಯನ್ನು ಒಂದು ವೃತ್ತವಾಗಿ ಬರೆದುಕೊಳ್ಳಿರಿ. ಸೂರ್ಯಕಿರಣವೊಂದು ಅದನ್ನು ಸವರಿಕೊಂಡು ಹೋಗುವ ಬಿಂದುವಿಗೆ ಕೇಂದ್ರದಿಂದ ಒಂದು ರೇಖೆಯನ್ನೆಳೆಯಿರಿ. ಕೇಂದ್ರದಿಂದ ನೋಡುವವನ ಮೂಲಕ ಇನ್ನೊಂದು ರೇಖೆಯನ್ನೆಳೆದು, ಅದು ಆ ಕಿರಣವನ್ನು ಕೂಡುವವರೆಗೆ ಬೆಳೆಸಿರಿ. ಒಂದು ಸಮಕೋನ ತ್ರಿಭುಜ ಸಿಕ್ಕುವುದು. ಕೇಂದ್ರದಲ್ಲಿರುವ ಕೋನ 11 ಡಿಗ್ರಿ. ಒಂದು ಬಾಹು ಭೂಮಿಯ ತ್ರಿಜ್ಯವಾದ 6,371 ಕಿಲೋಮೀಟರು. ಈ ತ್ರಿಜ್ಯವನ್ನು 11 ಡಿಗ್ರಿಯ ಕೊಸೈನ್ ಆದ 0.9816ರಿಂದ ಭಾಗಿಸಿದರೆ ಕರ್ಣವು ಸುಮಾರು 6,490 ಕಿಲೋಮೀಟರು ಎಂದು ಬರುವುದು. ಅದರಲ್ಲಿ ತ್ರಿಜ್ಯವನ್ನು ಕಳೆದರೆ ಉಳಿಯುವುದು ಸುಮಾರು 120 ಕಿಲೋಮೀಟರು. ಆ ಎತ್ತರಕ್ಕಿಂತ ಕೆಳಗೆ ಟ್ರಾಮ್ಸೊವಿನ ನೆತ್ತಿಯ ಮೇಲೆಲ್ಲ ನೆರಳು. ಅದಕ್ಕಿಂತ ಮೇಲೆ ಪೂರ್ಣ ಬಿಸಿಲು. ಸೂರ್ಯನಿದ್ದ ಕಡೆಗೆ, ಅಂದರೆ ಆಗ್ನೇಯಕ್ಕೆ ಹೋದಂತೆ ಈ ಗಡಿ ಸ್ವಲ್ಪ ಕೆಳಗಿಳಿಯುವುದು. ಮೋಡಗಳಾಗಲಿ ವಿಮಾನಗಳಾಗಲಿ ಇಷ್ಟು ಎತ್ತರಕ್ಕೆ ಏರುವುದಿಲ್ಲ. ಅಷ್ಟು ಮೇಲೆ ಹೊಗೆಯನ್ನೋ ಅನಿಲವನ್ನೋ ಬಿಡುವ ಪದಾರ್ಥವೊಂದು ಇದ್ದರೆ, ಅದು ಕಪ್ಪು ಆಕಾಶದ ಹಿನ್ನೆಲೆಯಲ್ಲಿ ಬಿಸಿಲಿಗೆ ಹೊಳೆಯುವುದು ಸಹಜವೇ.

ಸ್ವಯಂಪ್ರಕಾಶವುಳ್ಳ ಬೆಳಕುಗಳನ್ನು ಕುರಿತ ಊಹೆಗಳು ಉಳಿದುವು. ಉಲ್ಕೆಯೆನ್ನೋಣವೆಂದರೆ, ಅದು ಸೆಕೆಂಡಿಗೆ 11 ಕಿಲೋಮೀಟರಿಗೆ ಕಡಮೆಯಿಲ್ಲದ ವೇಗದಿಂದ ವಾಯುಮಂಡಲವನ್ನು ಹೊಕ್ಕು ಕೆಲವು ಸೆಕೆಂಡುಗಳಲ್ಲಿ ಉರಿದುಹೋಗುವುದು. ಒಂದೇ ಕಡೆಯಲ್ಲಿ ನಿಂತು ನಿಮಿಷಗಟ್ಟಲೆ ಸುರುಳಿ ಬಿಡುವುದಿಲ್ಲ. ಧ್ರುವಪ್ರಭೆಯು ಭೂಕಾಂತ ರೇಖೆಗಳನ್ನು ಅನುಸರಿಸಿ ಪರದೆಗಳಂತೆ ಅಲುಗಾಡುವುದು. ಅದನ್ನು ಹುಟ್ಟಿದಂದಿನಿಂದ ಕಂಡ ಜನರೇ ಈ ಬೆಳಕನ್ನು ಕಂಡು ಬೆರಗಾದರು. ರೇಡಿಯೊ ಕೇಂದ್ರದ ಅಲೆಗಳು ಅಯಾನುಮಂಡಲದಲ್ಲಿ ಉಂಟುಮಾಡುವ ಹೊಳಪು ಸೂಕ್ಷ್ಮ ಕ್ಯಾಮರಾಗಳಿಗೆ ಮಾತ್ರ ಸಿಕ್ಕುವಷ್ಟು ಮಂದವಾದುದು. ಜಿನೀವಾದ ಯಂತ್ರವಾದರೋ 27 ಕಿಲೋಮೀಟರು ಸುತ್ತಳತೆಯುಳ್ಳ ಸುರಂಗದಲ್ಲಿ, ನೆಲದಡಿಯಲ್ಲಿ, ಟ್ರಾಮ್ಸೊವಿನಿಂದ 2,500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ದೀಪಾವಳಿಯ ನೆಲಚಕ್ರ

ಇನ್ನು ಸುರುಳಿಯ ಆಕಾರವನ್ನು ವಿಚಾರಿಸೋಣ. ‘ಇಷ್ಟು ಅಚ್ಚುಕಟ್ಟಾದ ರೂಪವನ್ನು ಯಾರೋ ಬುದ್ಧಿವಂತರು ಬೇಕೆಂದೇ ರಚಿಸಿರಬೇಕು’ ಎಂಬುದು ಅನೇಕರ ವಾದವಾಗಿತ್ತು. ದೀಪಾವಳಿಯಲ್ಲಿ ನೆಲಚಕ್ರ ಹಚ್ಚಿದವರಿಗೆ ಇದರ ಗುಟ್ಟು ಅರ್ಧ ತಿಳಿದೇ ಇದೆ. ನೆಲಚಕ್ರದ ಬಾಯಿಯಿಂದ ಕಿಡಿಗಳು ಪಕ್ಕಕ್ಕೆ ಚಿಮ್ಮುವುವು. ಅವುಗಳ ಒದೆತಕ್ಕೆ ಚಕ್ರ ತಿರುಗುವುದು. ಪ್ರತಿಯೊಂದು ಕಿಡಿಯೂ ಹೊರಟಲ್ಲಿಂದ ನೇರವಾಗಿಯೇ ಹೋಗುವುದು. ಆದರೆ ಒಂದರ ಹಿಂದೆ ಒಂದು ಹೊರಟ ಕಿಡಿಗಳ ದಿಕ್ಕು ಸ್ವಲ್ಪ ಸ್ವಲ್ಪವೇ ಬದಲಾಗಿರುವುದರಿಂದ ಅವುಗಳ ಸಾಲು ಸುರುಳಿಯಾಗಿ ತೋರುವುದು. ಸುರುಳಿಯಲ್ಲಿ ಯಾವ ಕಿಡಿಯೂ ಸುರುಳಿಯಾಗಿ ಚಲಿಸುವುದಿಲ್ಲ ಎಂಬುದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ರಾಕೆಟ್ಟಿನ ಅನಿಲವು ನೇರವಾಗಿ ಹಿಂದಕ್ಕೆ ಹೋದರೆ ರಾಕೆಟ್ಟು ನೇರವಾಗಿ ಮುಂದಕ್ಕೆ ಹೋಗುವುದು. ಯಂತ್ರ ಕೆಟ್ಟು ಅನಿಲವು ಓರೆಯಾಗಿ ಪಕ್ಕಕ್ಕೆ ನುಗ್ಗಿದರೆ ರಾಕೆಟ್ಟು ನೆಲಚಕ್ರವಾಗುವುದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಲ್ಲಿಯ ಅಂಕಿಗಳು ಅಳೆದುವಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡುವು. ಅನಿಲದ ವೇಗ ಸೆಕೆಂಡಿಗೆ 2 ಕಿಲೋಮೀಟರು, ರಾಕೆಟ್ಟು 5 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಸುರುಳಿಯ ಎರಡು ಸುತ್ತುಗಳ ನಡುವಿನ ಅಂತರ ಎಲ್ಲೆಡೆಯಲ್ಲಿಯೂ 10 ಕಿಲೋಮೀಟರು. ಒಂದು ನಿಮಿಷದಲ್ಲಿ 12 ಸುತ್ತುಗಳಾಗಿ, ಸುರುಳಿಯ ಅಂಚು ನಡುವಿನಿಂದ 120 ಕಿಲೋಮೀಟರು ಹೋಗಿರುವುದು. 900 ಕಿಲೋಮೀಟರು ದೂರದಲ್ಲಿ ನಿಂತು ನೋಡುವವನಿಗೆ ಇದು ಸುಮಾರು 15 ಡಿಗ್ರಿ ಅಗಲವಾಗಿ, ಎಂದರೆ ಮೂವತ್ತು ಚಂದ್ರಬಿಂಬಗಳನ್ನು ಸಾಲಾಗಿ ಜೋಡಿಸಿದಷ್ಟು ದೊಡ್ಡದಾಗಿ ಕಾಣುವುದು. ಸುತ್ತುಗಳ ಅಂತರ ಸಮನಾಗಿರುವ ಇಂಥ ವಕ್ರರೇಖೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆರ್ಕಿಮಿಡೀಸನು ವಿವರಿಸಿದ್ದನು. ಅದಕ್ಕೆ ಅವನ ಹೆಸರೇ ಇದೆ.

ನೆಲಚಕ್ರದ ಹೊಗೆಯಾದರೋ ಒಂದೆರಡು ಮಾರು ಹೋಗುವುದರೊಳಗೆ ಗಾಳಿಗೆ ಸಿಕ್ಕಿ ಕಲಸಿಹೋಗುವುದು. ನೂರು ಕಿಲೋಮೀಟರಿಗೂ ಮೇಲೆ ತಡೆಯುವ ಗಾಳಿ ಇಲ್ಲವೆಂದೇ ಹೇಳಬಹುದು. ಹೊರಟ ಅನಿಲ ಹೊರಟ ವೇಗದಲ್ಲಿಯೇ ಹೋಗುತ್ತಿರುವುದು. ಬುದ್ಧಿವಂತರ ರಚನೆಗೆ ಸಾಕ್ಷಿಯೆಂದು ಜನ ತಿಳಿದ ಆ ಅಚ್ಚುಕಟ್ಟುತನವು ನಿಜವಾಗಿ ಸಾಕ್ಷಿ ನುಡಿಯುತ್ತಿದ್ದುದು ಗಾಳಿಯ ಅಭಾವಕ್ಕೆ.

ಇಲ್ಲಿ ಒಂದು ಆಕ್ಷೇಪ ಏಳುವುದು. ರಾಕೆಟ್ಟು ಮುಂದಕ್ಕೆ ಓಡುತ್ತಿರುವಾಗ ಸುರುಳಿ ಏಕೆ ಎಳೆದುಹೋಗಲಿಲ್ಲ? ಓಡುವ ರೈಲಿನಲ್ಲಿ ಕುಳಿತವನು ಮೇಲಕ್ಕೆಸೆದ ಚೆಂಡು ಮತ್ತೆ ಅವನ ಕೈಗೇ ಬೀಳುವುದನ್ನು ನೆನಪಿಗೆ ತಂದುಕೊಳ್ಳಿರಿ. ರೈಲಿನ ವೇಗ ಚೆಂಡಿನಲ್ಲಿಯೂ ಇದೆ. ಹಾಗೆಯೇ ರಾಕೆಟ್ಟಿನ ವೇಗವು ಅದರಿಂದ ಹೊರಟ ಅನಿಲದಲ್ಲಿಯೂ ಇರುವುದರಿಂದ ಇಡೀ ಸುರುಳಿಯು ರಾಕೆಟ್ಟನ್ನು ನಡುವಿನಲ್ಲಿಟ್ಟುಕೊಂಡೇ ಮುಂದೆ ಸಾಗುವುದು. ನೀಲಿಯ ಕಂಬವು ಹತೋಟಿ ತಪ್ಪುವುದಕ್ಕೆ ಮುಂಚೆ ರಾಕೆಟ್ಟು ಏರಿಬಂದ ದಾರಿಯ ಗುರುತು.

ಉಳಿದುದು ಕಪ್ಪು ವೃತ್ತ. ಯಂತ್ರ ನಿಂತುಹೋಯಿತೆಂದು ಭಾವಿಸಿರಿ. ಆಗ ನಡುವಿನಿಂದ ಹೊಸ ಅನಿಲ ಹೊರಡುವುದಿಲ್ಲ. ಕಟ್ಟಕಡೆಗೆ ಹೊರಟ ಅನಿಲವು ತನ್ನ ವೇಗದಲ್ಲಿ ಹೊರಕ್ಕೆ ಸಾಗುತ್ತಲೇ ಇರುವುದು. ನಡುವೆ ಬರಿದಾದ ಸ್ಥಳ ವೃತ್ತಾಕಾರವಾಗಿ, ಎಲ್ಲ ಕಡೆಗೂ ಸಮವೇಗದಲ್ಲಿ ಹಿಗ್ಗಬೇಕು. ಅದೇ ಜನ ಕಂಡ ಕಪ್ಪು ಬಾಗಿಲು! ಸುರುಳಿಯನ್ನು ವಿವರಿಸುವುದಕ್ಕೆಂದು ಮಾಡಿದ ಊಹೆಯು, ನಾವು ಕೇಳದಿದ್ದರೂ, ಕಪ್ಪು ವೃತ್ತಕ್ಕೂ ಉತ್ತರ ಹೇಳಿತು. ಬೇರೆ ಊಹೆಗಳವರು ಒಂದೊಂದು ವಿವರಕ್ಕೂ ಒಂದೊಂದು ಹೊಸ ಪವಾಡವನ್ನು ಸೇರಿಸಬೇಕಾಗಿತ್ತು. ಒಳ್ಳೆಯ ಊಹೆಯ ಲಕ್ಷಣ ಇದೇ: ಅದರಲ್ಲಿ ಹಾಕಿದುದಕ್ಕಿಂತ ಹೆಚ್ಚು ಅದರಿಂದ ಹೊರಬರುವುದು.

ಒಪ್ಪಿಗೆ

ರಷ್ಯದ ಬಿಳಿಯ ಸಮುದ್ರದಲ್ಲಿ ಡಿಸೆಂಬರ್ 9ರ ಬೆಳಗಿನ ಕೆಲವು ಗಂಟೆಗಳ ಕಾಲ ಹಡಗುಗಳು ಒಂದು ಪ್ರದೇಶದಿಂದ ದೂರವಿರಬೇಕೆಂದು ನಾವಿಕರಿಗೆ ಮುಂಚಿತವಾಗಿಯೇ ಎಚ್ಚರಿಕೆ ಪ್ರಕಟವಾಗಿತ್ತು. ಬೆಳಕು ಕಂಡ ಕಾಲವೂ ದಿಕ್ಕೂ ಅದಕ್ಕೆ ಹೊಂದಿದುವು. ರಷ್ಯದ ಸೇನೆ ಮೊದಲು ಒಪ್ಪಲಿಲ್ಲ. ಮರುದಿನ, ಡಿಸೆಂಬರ್ 10ರಂದು, ರಕ್ಷಣಾ ಇಲಾಖೆಯು ಸಂಗತಿಯನ್ನು ಪ್ರಕಟಿಸಿತು: ‘ದ್ಮಿತ್ರಿ ದೊನ್ಸ್ಕೊಯ್’ ಎಂಬ ಜಲಾಂತರ್ಗಾಮಿ ನೌಕೆಯು ಬಿಳಿಯ ಸಮುದ್ರದಿಂದ ‘ಬುಲಾವಾ’ ಕ್ಷಿಪಣಿಯನ್ನು ಪರೀಕ್ಷೆಗಾಗಿ ಹಾರಿಸಿತ್ತು, ಮೊದಲಿನ ಎರಡು ಹಂತಗಳು ಸರಿಯಾಗಿ ನಡೆದು, ಮೂರನೆಯ ಹಂತದ ಯಂತ್ರ ಸ್ಥಿಮಿತ ತಪ್ಪಿತ್ತು. ಪರಮಾಣು ಅಸ್ತ್ರವನ್ನು ಹೊರಲೆಂದು ನಿರ್ಮಿಸಿದ ಕ್ಷಿಪಣಿಯೊಂದರ ಸೋಲನ್ನು ಬಿಸಿಲೂ ಜ್ಯಾಮಿತಿಯೂ ಸೇರಿ ಆಕಾಶದ ಹಲಗೆಯ ಮೇಲೆ ಬರೆದು ತೋರಿಸಿದ್ದುವು. ಓದಬಲ್ಲವರಿಗೆ ಮರುದಿನದ ಪ್ರಕಟಣೆಯವರೆಗೆ ಕಾಯುವ ಅಗತ್ಯವಿರಲಿಲ್ಲ.

ಊಹೆಯ ಬೆಲೆ

ಇದೆಲ್ಲ ಕುತೂಹಲದ ಮಾತಾಯಿತು, ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವೂ ಅದೇ ಉತ್ತರದ ಆಕಾಶದಲ್ಲಿದೆ. 1995ನೆಯ ಇಸವಿಯ ಜನವರಿ 25ರಂದು ಟ್ರಾಮ್ಸೊವಿಗೆ ದೂರವಲ್ಲದ ಆಂಡೋಯಾ ದ್ವೀಪದಿಂದ ನಾರ್ವೆ ಮತ್ತು ಅಮೆರಿಕದ ವಿಜ್ಞಾನಿಗಳು ಧ್ರುವಪ್ರಭೆಯನ್ನು ಅಭ್ಯಸಿಸಲು ‘ಬ್ಲಾಕ್ ಬ್ರಾಂಟ್’ ಎಂಬ ನಾಲ್ಕು ಹಂತಗಳ ರಾಕೆಟ್ಟನ್ನು ಹಾರಿಸಿದರು. ಅದು 1,400 ಕಿಲೋಮೀಟರಿಗೂ ಮೇಲಕ್ಕೆ ಏರಿತು. ರಷ್ಯದ ರೇಡಾರಿನವರ ಕಣ್ಣಿಗೆ ಅದು ಜಲಾಂತರ್ಗಾಮಿಯಿಂದ ಹೊರಟ ಅಮೆರಿಕದ ಕ್ಷಿಪಣಿಯಂತೆ ಕಂಡಿತು. ರಾಕೆಟ್ಟಿನ ವಿಷಯವನ್ನು ನಾರ್ವೆ ಮುಂಚಿತವಾಗಿಯೇ ರಷ್ಯಕ್ಕೆ ತಿಳಿಸಿತ್ತು. ಆ ತಿಳಿವಳಿಕೆ ರೇಡಾರಿನವರಿಗೆ ಮುಟ್ಟಿರಲಿಲ್ಲ. ಪ್ರತಿದಾಳಿಗೆ ಅಪ್ಪಣೆ ಕೊಡುವ ಪೆಟ್ಟಿಗೆಯು ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಅವರ ಮುಂದೆ ತೆರೆಯಿತು. ಕೆಲವು ನಿಮಿಷಗಳ ಕಾಲ ರಾಕೆಟ್ಟಿನ ದಾರಿಯನ್ನು ಅಳೆದು ನೋಡಿದ ಮೇಲೆ, ಅದು ರಷ್ಯದಿಂದ ದೂರಕ್ಕೆ ಹೋಗುತ್ತಿದೆಯೆಂಬುದು ಖಚಿತವಾಯಿತು. ಹೊರಟ 24 ನಿಮಿಷಗಳಲ್ಲಿ ಅದು ಸ್ಪಿಟ್ಸ್‌ಬರ್ಗೆನ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಿತು.

ಎರಡು ಘಟನೆಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಂದರಲ್ಲಿ ವಿಜ್ಞಾನದ ರಾಕೆಟ್ಟನ್ನು ಕ್ಷಿಪಣಿಯೆಂದು ಭ್ರಮಿಸಿದರು. ಇನ್ನೊಂದರಲ್ಲಿ ಕ್ಷಿಪಣಿಯನ್ನು ಪರಲೋಕದ ಬಾಗಿಲೆಂದು ಭ್ರಮಿಸಿದರು. ಎರಡರಲ್ಲಿಯೂ ಮುನ್ಸೂಚನೆ ಮೊದಲೇ ಹೊರಟಿತ್ತು, ನೋಡಬೇಕಾದವರು ನೋಡಿರಲಿಲ್ಲ. ಎರಡರಲ್ಲಿಯೂ ಸತ್ಯವನ್ನು ತಿಳಿಸಿದುದು ಅಳತೆ. 1995ರಲ್ಲಿ ಅಳತೆಗೆ ಮುಂಚೆ ಊಹೆಗೇ ಕೈ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಬೇಕಾಗಿಲ್ಲ.

ನಾವು ಮಾಡಬೇಕಾದುದು

ಇಂಥ ಬೆಳಕು ನಮ್ಮ ದೇಶದಲ್ಲಿಯೂ ಕಂಡಿದೆ. 2022ರ ಡಿಸೆಂಬರ್ 15ರ ಮುಸ್ಸಂಜೆ ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ‘ಅಗ್ನಿ-5’ ಕ್ಷಿಪಣಿಯನ್ನು ಹಾರಿಸಿದಾಗ, ಪಶ್ಚಿಮ ಬಂಗಾಳದ ಅನೇಕ ಊರುಗಳಲ್ಲಿ ಜನ ಆಕಾಶದ ಹೊಳಪನ್ನು ಕಂಡು ಇದೇ ಬಗೆಯ ಊಹೆಗಳಲ್ಲಿ ಮುಳುಗಿದರು. ಅಲ್ಲಿಯೂ ಹೊತ್ತು ಸೂರ್ಯಾಸ್ತದ ಅನಂತರದ್ದು: ನೆಲಕ್ಕೆ ಕತ್ತಲೆ, ಎತ್ತರಕ್ಕೆ ಬಿಸಿಲು. 2019ರಿಂದ ಈಚೆಗೆ ಆಕಾಶದಲ್ಲಿ ಮುತ್ತಿನ ಸರದಂತೆ ಸಾಲಾಗಿ ಸಾಗುವ ಸ್ಟಾರ್‌ಲಿಂಕ್ ಉಪಗ್ರಹಗಳ ಬೆಳಕೂ ಸೂರ್ಯನದೇ.

ನಾಳೆ ನಿಮಗೆ ಅಂಥದೊಂದು ಬೆಳಕು ಕಂಡರೆ ಗಡಿಯಾರವನ್ನು ಮೊದಲು ನೋಡಿ ವೇಳೆಯನ್ನು ಬರೆದಿಡಿರಿ. ಅನಂತರ ದಿಕ್ಕು; ಬಳಿಯಲ್ಲಿ ಯಾವ ನಕ್ಷತ್ರವಿತ್ತೆಂಬುದು; ದಿಗಂತದಿಂದ ಎಷ್ಟು ಎತ್ತರವೆಂಬುದು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬೇರೆ ಉಪಕರಣ ಬೇಡ. ಎಷ್ಟು ಹೊತ್ತು ಇತ್ತು, ನಿಂತಿತ್ತೋ ಚಲಿಸಿತೋ ಎಂಬುದನ್ನೂ ಗುರುತಿಸಿರಿ. ದೂರದ ಊರಿನ ಸ್ನೇಹಿತನೊಬ್ಬನನ್ನು ಅದೇ ಕ್ಷಣದಲ್ಲಿ ನೋಡುವಂತೆ ಕೇಳಿರಿ. ಬೆಂಗಳೂರಿಗೂ ತುಮಕೂರಿಗೂ ನೇರವಾಗಿ ಸುಮಾರು 65 ಕಿಲೋಮೀಟರು. ಎರಡು ಊರುಗಳ ನಡುವಣ ಸ್ಥಳಕ್ಕೆ ಸರಿಯಾಗಿ ಎದುರಿರುವ ಬೆಳಕೊಂದು ಇಬ್ಬರಿಗೂ 30 ಡಿಗ್ರಿ ವ್ಯತ್ಯಾಸದ ದಿಕ್ಕುಗಳಲ್ಲಿ ಕಂಡರೆ, ಅದರ ದೂರ ಸುಮಾರು 120 ಕಿಲೋಮೀಟರೆಂದು ಲೆಕ್ಕ ಮಾಡಬಹುದು. ನಕ್ಷತ್ರಗಳ ನಡುವೆ ಅದರ ಸ್ಥಾನ ಇಬ್ಬರಿಗೂ ಸ್ವಲ್ಪವೂ ಬದಲಾಗದಿದ್ದರೆ ಅದು ಬಹಳ ದೂರದ್ದು. ಗ್ರಹವೋ ನಕ್ಷತ್ರವೋ ಇರಬಹುದು.

ಇಷ್ಟನ್ನು ಬರೆದಿಟ್ಟುಕೊಂಡ ಮೇಲೆ ಊಹೆ ಮಾಡಿರಿ, ಬೇಕಾದಷ್ಟು ಮಾಡಿರಿ. ಪ್ರತಿಯೊಂದು ಊಹೆಯನ್ನೂ ಬರೆದಿಟ್ಟ ಸಂಗತಿಗಳ ಎದುರಿಗೆ ನಿಲ್ಲಿಸಿರಿ. ಯಾವುದೂ ನಿಲ್ಲದಿದ್ದರೆ ‘ಇನ್ನೂ ತಿಳಿಯದು’ ಎಂದು ಬರೆದು, ದಿನಾಂಕ ಹಾಕಿ, ಪುಸ್ತಕವನ್ನು ಜೋಪಾನವಾಗಿಡಿರಿ. ಇನ್ನೊಬ್ಬರ ಪುಸ್ತಕದಲ್ಲಿಯೂ ಅದೇ ದಿನದ ಒಂದು ಸಾಲು ಇರಬಹುದು; ಎರಡೂ ಸೇರಿದ ದಿನ ಬೆಳಕಿನ ದೂರ ತಿಳಿಯುವುದು.